ಗೂಟದಲ್ಲಿರುವಾಗಲೇ ಬರಬೇಕಾದ ನೆರವು: ಆಳಂದ, ಅಫಜಲಪುರ, ಜೇವರ್ಗಿಯ ಜಾನುವಾರು ಪರಿಹಾರದ ಚರ್ಚೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಆಪತ್ತು ಎರಡು ದಿಕ್ಕಿನಿಂದ ಬರುತ್ತದೆ. ಮಳೆ ಕೈಕೊಟ್ಟರೆ ಎರೆಭೂಮಿ ಬಾಯಿಬಿಡುತ್ತದೆ, ಅಮರ್ಜಾ ನದಿ ಹಳ್ಳದ ಗತಿಗೆ ಇಳಿಯುತ್ತದೆ. ಇಲ್ಲಿ ಒಂದು ಹನಿ ಬೀಳದಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯ ತುಂಬಿ ಹರಿದರೆ ಸಾಕು, ಸೊನ್ನ ಬ್ಯಾರೇಜಿನ ಕೆಳಗಿನ ಊರುಗಳಿಗೆ ಭೀಮೆ ನುಗ್ಗುತ್ತಾಳೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಪ್ರವಾಹ ಬಂತು. 2022ರಲ್ಲಿ ಚರ್ಮಗಂಟು ರೋಗ ದನಗಳನ್ನು ಹಿಡಿಯಿತು. 2023ರಲ್ಲಿ ಬರ. 2025ರ ಸೆಪ್ಟೆಂಬರ್‌ನಲ್ಲಿ ಉಜನಿಯ ನೀರಿನ ಜೊತೆ ಸೀನಾ ನದಿಯ ಪ್ರವಾಹವೂ ಕೂಡಿ ಮತ್ತೆ ಭೀಮೆ ಉಕ್ಕಿತು. ಐದೇ ವರ್ಷದಲ್ಲಿ ಇಷ್ಟು.

ಪ್ರತಿ ಸಲವೂ ಸರ್ಕಾರ ನೆರವು ಘೋಷಿಸುತ್ತದೆ, ಹಣ ಬಿಡುಗಡೆಯೂ ಆಗುತ್ತದೆ. ಆದರೆ ಬೆಳೆ ಪರಿಹಾರದ ಬಗ್ಗೆ ನಡೆಯುವಷ್ಟು ಚರ್ಚೆ ಜಾನುವಾರು ಪರಿಹಾರದ ಬಗ್ಗೆ ನಡೆಯುವುದಿಲ್ಲ. ಯಾವ ಜಾನುವಾರಿಗೆ ಎಷ್ಟು, ಯಾವಾಗ, ಯಾರ ಕೈಗೆ ಎಂಬ ಪ್ರಶ್ನೆಗಳಿಗೆ ಆಡಳಿತಗಾರರು, ರೈತ ಸಂಘಟನೆಗಳು, ಅರ್ಥಶಾಸ್ತ್ರಜ್ಞರು, ಪಶುವೈದ್ಯರು ಬೇರೆಬೇರೆ ಉತ್ತರ ಕೊಡುತ್ತಾರೆ. ಆ ಉತ್ತರಗಳನ್ನು ಒಂದೆಡೆ ಇಟ್ಟು ನೋಡುವುದು ಈ ಲೇಖನದ ಕೆಲಸ.

ಒಂದೇ ಎತ್ತು, ಮೂರು ಬೆಲೆ

ಮೊದಲು ಈಗಿನ ಲೆಕ್ಕ. ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡಗಳನ್ನು ಕೇಂದ್ರ ಗೃಹ ಸಚಿವಾಲಯ ನಿಗದಿ ಮಾಡುತ್ತದೆ. 2022-23ರಿಂದ 2025-26ರ ಅವಧಿಗೆ ನಿಗದಿಯಾದ ದರದಂತೆ, ಪ್ರವಾಹದಂಥ ವಿಪತ್ತಿನಲ್ಲಿ ಹಾಲು ಕೊಡುವ ಆಕಳು ಅಥವಾ ಎಮ್ಮೆ ಸತ್ತರೆ 37,500 ರೂಪಾಯಿ, ಉಳುವ ಎತ್ತಿಗೆ 32,000, ಕರುವಿಗೆ 20,000, ಕುರಿ ಅಥವಾ ಆಡಿಗೆ 4,000, ಕೋಳಿಗೆ 100. ಗುಡಿಸಲಿಗೆ ಹೊಂದಿದ ಕೊಟ್ಟಿಗೆ ಬಿದ್ದರೆ 3,000. ಒಂದು ಕುಟುಂಬಕ್ಕೆ ಮೂರು ದೊಡ್ಡ ಹೈನದ ಜಾನುವಾರು ಅಥವಾ ಮೂವತ್ತು ಕುರಿ-ಆಡುಗಳ ಮಿತಿ ಇದೆ. ದುಡಿಯುವ ಎತ್ತುಗಳಾದರೆ ಮೂರು. ಎಷ್ಟು ಸತ್ತಿದ್ದರೂ ಲೆಕ್ಕಕ್ಕೆ ಬರುವುದು ಅಷ್ಟೇ. ಇನ್ನೊಂದು ಷರತ್ತೂ ಇದೆ: ಸತ್ತ ಜಾನುವಾರು ಆರ್ಥಿಕವಾಗಿ ಉಪಯುಕ್ತ ಆಗಿರಬೇಕು. ಮುದಿ ಎತ್ತು, ಗೊಡ್ಡು ಎಮ್ಮೆ ಈ ಲೆಕ್ಕದಿಂದ ಹೊರಗೆ ಬೀಳುತ್ತವೆ.

ಇದು ವಿಪತ್ತಿನ ಸಾವಿನ ದರ. ರೋಗದ ಸಾವಿಗೆ ಲೆಕ್ಕ ಬೇರೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿ ಜಾತ್ರೆ, ದನದ ಸಂತೆಗಳಿಗೆ ನಿಷೇಧ ಬಿದ್ದಾಗ ರಾಜ್ಯ ಸರ್ಕಾರ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಘೋಷಿಸಿತು. ಇವೆರಡೂ ಅಲ್ಲದ ಆಕಸ್ಮಿಕ ಸಾವಿಗೆ ರಾಜ್ಯದ ಅನುಗ್ರಹ ಯೋಜನೆ ಇದೆ. ಸಿದ್ದರಾಮಯ್ಯ ಅವರ ಮೊದಲ ಸರ್ಕಾರದ ಕಾಲದಲ್ಲಿ ಶುರುವಾಗಿ, ನಡುವೆ ನಿಂತು, 2023ರಲ್ಲಿ ಮರಳಿ ಬಂದ ಯೋಜನೆ ಇದು. 2025-26ರ ಬಜೆಟ್‌ನಲ್ಲಿ ಇದರ ಮೊತ್ತ ಏರಿತು: ಆಕಳು, ಎಮ್ಮೆ, ಎತ್ತಿಗೆ 10,000ದಿಂದ 15,000, ಕುರಿ-ಮೇಕೆಗೆ 5,000ದಿಂದ 7,500. ಮೂರರಿಂದ ಆರು ತಿಂಗಳ ಮರಿಗಳ ಮೊತ್ತವೂ ಏರಿತು.

ಈ ಮೂರನ್ನೂ ಪಕ್ಕಪಕ್ಕ ಇಟ್ಟರೆ ವಿಚಿತ್ರ ಕಾಣುತ್ತದೆ. ಅದೇ ಎತ್ತು ಭೀಮೆಯಲ್ಲಿ ಮುಳುಗಿ ಸತ್ತರೆ 32,000, ಚರ್ಮಗಂಟಿನಿಂದ ಸತ್ತಿದ್ದರೆ 30,000, ಬೇರೆ ಆಕಸ್ಮಿಕಕ್ಕೆ ಬಲಿಯಾದರೆ 15,000. ಕುರಿಯ ಲೆಕ್ಕ ತಿರುಗುಮುರುಗು: ನೆರೆಯಲ್ಲಿ ಹೋದರೆ 4,000, ಆಕಸ್ಮಿಕವಾಗಿ ಸತ್ತರೆ 7,500. ಸಾಕಿದವನಿಗೆ ಆದ ನಷ್ಟ ಮಾತ್ರ ಎಲ್ಲದರಲ್ಲೂ ಒಂದೇ. ಹಣ ಬೇರೆಬೇರೆ ನಿಧಿಗಳಿಂದ, ಬೇರೆಬೇರೆ ಕಾಲದ ತೀರ್ಮಾನಗಳಿಂದ ಬರುವುದರಿಂದ ಹೀಗಾಗಿದೆ. ಕಾರಣ ತಿಳಿದ ಮಾತ್ರಕ್ಕೆ ಇದನ್ನು ಒಪ್ಪಿಕೊಂಡು ಸುಮ್ಮನಿರಬೇಕಿಲ್ಲ.

ತಗಾವಿಯಿಂದ ಪರಿಹಾರ ನಿಧಿಯವರೆಗೆ

ಬರ ಬಂದಾಗ ದನ ಉಳಿಸುವುದು ರಾಜ್ಯದ ಹೊಣೆ ಎಂಬ ವಿಚಾರ ಹಳೆಯದು. 1876-78ರ ಧಾತು ಈಶ್ವರ ಬರ ದಖ್ಖನ್ನಿನ ಎರಡೂ ಕಡೆ, ಬ್ರಿಟಿಷ್ ಮುಂಬಯಿ ಪ್ರಾಂತದಲ್ಲೂ ನಿಜಾಮನ ಹೈದರಾಬಾದಿನಲ್ಲೂ, ಜನ ಮತ್ತು ದನ ಎರಡನ್ನೂ ಕೊಂದಿತ್ತು. ಅದರ ನಂತರ ಬಂದ 1880ರ ಕ್ಷಾಮ ಆಯೋಗ ಮತ್ತು ಕ್ಷಾಮ ಸಂಹಿತೆಗಳು ಬರಗಾಲದಲ್ಲಿ ಮೀಸಲು ಅರಣ್ಯಗಳನ್ನು ಮೇವಿಗೆ ತೆರೆಯುವುದನ್ನು ಆಡಳಿತದ ಕೆಲಸವೆಂದು ಬರೆದಿಟ್ಟವು. 1884ರ ಕೃಷಿಕರ ಸಾಲ ಕಾಯ್ದೆ ಬೀಜ ಮತ್ತು ದನ ಕೊಳ್ಳಲು ತಗಾವಿ ಸಾಲಕ್ಕೆ ದಾರಿ ಮಾಡಿತು. ನಮ್ಮ ಹಿರಿಯರ ಬಾಯಲ್ಲಿ ತಗಾವಿ ಎಂಬ ಮಾತು ಬಹುಕಾಲ ಉಳಿದಿತ್ತು. ಅದು ತಿರುಗಿ ಕೊಡಬೇಕಾದ ಹಣ. ಸತ್ತ ಎತ್ತಿನ ಜಾಗಕ್ಕೆ ಹೊಸ ಎತ್ತು ಬರುತ್ತಿತ್ತು, ಅದರ ಜೊತೆಗೆ ಸಾಲವೂ ಬರುತ್ತಿತ್ತು.

ಸ್ವಾತಂತ್ರ್ಯದ ನಂತರ ಎರಡನೆಯ ಹಣಕಾಸು ಆಯೋಗ ರಾಜ್ಯಗಳು ವಿಪತ್ತಿಗೆಂದು ಸ್ವಲ್ಪ ಹಣ ಬದಿಗಿಡುವ ಪದ್ಧತಿ ತಂದಿತು. 1990ರಲ್ಲಿ, ಒಂಬತ್ತನೆಯ ಆಯೋಗದ ಶಿಫಾರಸಿನ ಮೇಲೆ, ಪ್ರಕೃತಿ ವಿಕೋಪ ಪರಿಹಾರ ನಿಧಿ ಬಂತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಬೆನ್ನಿಗೆ, 2010ರಿಂದ ಅದು ರಾಜ್ಯ ವಿಪತ್ತು ಪರಿಹಾರ ನಿಧಿಯಾಯಿತು. ಕರ್ನಾಟಕದಂಥ ರಾಜ್ಯಕ್ಕೆ ಅದರಲ್ಲಿ ಕೇಂದ್ರದ ಪಾಲು ನೂರಕ್ಕೆ 75, ರಾಜ್ಯದ ಪಾಲು 25. ಸಾಲದ ಜಾಗಕ್ಕೆ ಸಹಾಯಧನ ಬಂದದ್ದು ದೊಡ್ಡ ಬದಲಾವಣೆ. ಆದರೆ ಅದರ ಜೊತೆಗೇ ಇನ್ನೊಂದೂ ಆಯಿತು: ಹಳೆಯ ಕ್ಷಾಮ ಸಂಹಿತೆಗಳು ಬದುಕಿದ ದನದ ಮೇವಿಗೆ ಕೊಟ್ಟಿದ್ದ ಮಹತ್ವ ಹಿಂದಕ್ಕೆ ಸರಿದು, ಸತ್ತ ದನದ ಬೆಲೆ ಮುಂದಕ್ಕೆ ಬಂತು. 2015ರಲ್ಲಿ ಹೈನದ ಜಾನುವಾರಿನ ದರ 16,400ರಿಂದ 30,000ಕ್ಕೆ ಏರಿತು, ಮುಂದೆ 37,500 ಆಯಿತು. 2015ರ ನಂತರ ಮೇವಿನ ಶಿಬಿರದಲ್ಲಿ ದೊಡ್ಡ ಜಾನುವಾರಿಗೆ ದಿನದ ದರ 70ರಿಂದ 80 ಮಾತ್ರ ಆಯಿತು.

ಬದುಕು ಮತ್ತೆ ಹಿಡಿಯಲು ಮಾತ್ರ ಎನ್ನುವವರು

ಹಣಕಾಸು ಇಲಾಖೆಗಳ ಮತ್ತು ಹಣಕಾಸು ಆಯೋಗಗಳ ನಿಲುವು ನೇರವಾಗಿದೆ. ಈ ಹಣ ನಷ್ಟ ತುಂಬುವುದಕ್ಕಲ್ಲ, ಕುಟುಂಬ ತಕ್ಷಣ ಎದ್ದು ನಿಲ್ಲುವುದಕ್ಕೆ. ಆದ್ದರಿಂದಲೇ ದೇಶಕ್ಕೆಲ್ಲ ಒಂದೇ ದರ, ಆದ್ದರಿಂದಲೇ ಮಿತಿ. ಪ್ರತಿ ಜಾನುವಾರಿನ ತಳಿ, ವಯಸ್ಸು, ಹಾಲಿನ ಇಳುವರಿ ನೋಡಿ ಬೆಲೆ ಕಟ್ಟಲು ಹೋದರೆ ಪ್ರವಾಹ ಇಳಿದು ಆರು ತಿಂಗಳಾದರೂ ಹಣ ತಲುಪದು. ಸುಲಭದ ದರವೇ ಬೇಗ ತಲುಪುವ ದರ ಎಂಬುದು ಇವರ ವಾದ.

ಇದರಲ್ಲಿ ಸತ್ಯ ಇದೆ. ಪರಿಹಾರದ ಕೆಲಸ ಕೊನೆಗೆ ಊರಿನ ಗ್ರಾಮ ಆಡಳಿತ ಅಧಿಕಾರಿ ಮತ್ತು ಪಶು ಆಸ್ಪತ್ರೆಯ ವೈದ್ಯರ ಮೇಲೆ ಬೀಳುತ್ತದೆ. ಒಂದು ಎಮ್ಮೆ ಸತ್ತರೆ ಏನೆಲ್ಲ ಆಗಬೇಕು ನೋಡಿ. ಮೈಕೊಳೆಯುವ ಮೊದಲು ವೈದ್ಯರು ಬರಬೇಕು, ಮರಣೋತ್ತರ ಪರೀಕ್ಷೆ ಆಗಬೇಕು. ಕಿವಿಯ ಹಳದಿ ಬಿಲ್ಲೆಯ ಹನ್ನೆರಡು ಅಂಕಿಯ ಸಂಖ್ಯೆ ಓದಿ ಬರೆಯಬೇಕು. ಮಾಲೀಕ ಸತ್ತ ಎಮ್ಮೆಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬೇಕು. ಪಂಚರ ಸಹಿ ಹಾಕಿಸಿ ಪಂಚನಾಮೆ ಆಗಬೇಕು. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಸೇರಿಸಿ ಕಡತ ತಹಶೀಲ್ದಾರ್ ಕಚೇರಿಗೆ ಹೋಗಬೇಕು. ಹತ್ತಾರು ಹಳ್ಳಿಗೆ ಒಬ್ಬ ವೈದ್ಯ ಇರುವ ಕಡೆ, ರಸ್ತೆ ನೀರಿನಲ್ಲಿ ಮುಳುಗಿರುವಾಗ, ಇದೆಲ್ಲ ಎರಡು ದಿನದಲ್ಲಿ ನಡೆಯಬೇಕು. ಇದಕ್ಕೂ ಮೇಲೆ ಬೆಲೆ ನಿಗದಿಯ ತಕರಾರು ಸೇರಿದರೆ ವ್ಯವಸ್ಥೆ ನಿಂತುಹೋಗುತ್ತದೆ.

ಈ ವಾದಕ್ಕೆ ಉತ್ತರ ಸಿಗದ ಜಾಗ ಒಂದಿದೆ. ಸತ್ತ ಜಾನುವಾರೇ ಕೊಚ್ಚಿಹೋದರೆ? ಘತ್ತರಗಿ, ದೇವಲ ಗಾಣಗಾಪುರ, ಕಟ್ಟಿಸಂಗಾವಿಯಂಥ ನದಿಯಂಚಿನ ಕಡೆಗಳಲ್ಲಿ ರಾತ್ರೋರಾತ್ರಿ ನೀರು ಏರಿದಾಗ ಕಟ್ಟಿದ ಕಣ್ಣಿ ಬಿಚ್ಚಿ ದನ ಬಿಡುವುದೇ ಮಾಲೀಕ ಮಾಡಬಹುದಾದ ದೊಡ್ಡ ಕೆಲಸ. ಬಿಟ್ಟ ದನ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಹೆಣ ಇಲ್ಲದೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದೆ ಕಡತ ಇಲ್ಲ. ದನವನ್ನು ಉಳಿಸಲು ಬಿಚ್ಚಿಬಿಟ್ಟವನ ಬಳಿ ಪುರಾವೆ ಇಲ್ಲ. ಬಿಚ್ಚಲಾಗದೆ ಗೂಟದಲ್ಲೇ ಕಳೆದುಕೊಂಡವನ ಬಳಿ ಇದೆ.

ಪೇಟೆಯ ಬೆಲೆ ಕೊಡಿ ಎನ್ನುವವರು

ರೈತ ಸಂಘಟನೆಗಳ ಬೇಡಿಕೆ ಇದಕ್ಕೆ ಎದುರು ದಿಕ್ಕಿನದು. ದುಡಿಯುವ ಒಂದು ಜೋಡಿ ಒಳ್ಳೆಯ ಎತ್ತಿಗೆ ಇಂದು ಸಂತೆಯಲ್ಲಿ ಲಕ್ಷ ರೂಪಾಯಿ ಮೀರುತ್ತದೆ. ಜೋಡಿಗೆ 64,000 ಕೊಟ್ಟರೆ ರೈತ ಉಳಿದದ್ದಕ್ಕೆ ಬಡ್ಡಿ ಸಾಲ ಮಾಡುತ್ತಾನೆ, ಇಲ್ಲವೇ ಒಂಟಿ ಎತ್ತಿನಲ್ಲಿ ನಿಲ್ಲುತ್ತಾನೆ. ಒಂಟಿ ಎತ್ತಿನಿಂದ ಎಡೆ ಹೊಡೆಯಲಾಗದು, ಬಿತ್ತಲಾಗದು. ತೊಗರಿ ಬಿತ್ತುವ ಹದ ನಾಲ್ಕು ದಿನ ತಪ್ಪಿದರೆ ಇಡೀ ವರ್ಷದ ಲೆಕ್ಕ ತಪ್ಪುತ್ತದೆ. ಎತ್ತಿನ ಸಾವಿನ ನಷ್ಟದಲ್ಲಿ ಎತ್ತಿನ ಬೆಲೆ ಒಂದು ಭಾಗ ಮಾತ್ರ ಎಂಬುದು ಈ ವಾದದ ಗಟ್ಟಿ ಅಂಶ.

ಇದೇ ವಾದದ ಇನ್ನೊಂದು ಮುಖ ಬೆಳೆಯ ಜೊತೆಗಿನ ಹೋಲಿಕೆ. 2021ರಲ್ಲಿ ರಾಜ್ಯ ಸರ್ಕಾರ ಖುಷ್ಕಿ ಬೆಳೆಯ ಹೆಕ್ಟೇರಿಗೆ ಕೇಂದ್ರದ ಮಾನದಂಡದ 6,800ಕ್ಕೆ ತನ್ನದೂ ಅಷ್ಟೇ ಸೇರಿಸಿ 13,600 ಕೊಟ್ಟಿತು. 2025ರ ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ನೆರೆಪೀಡಿತ ಜಿಲ್ಲೆಗಳ ವೈಮಾನಿಕ ಸಮೀಕ್ಷೆ ಮಾಡಿ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಘೋಷಿಸಿದರು. ಖುಷ್ಕಿಗೆ 17,000, ನೀರಾವರಿಗೆ 25,500, ಬಹುವಾರ್ಷಿಕ ಬೆಳೆಗೆ 31,000 ಆಯಿತು. ರೈತರಿಗೆ ಅದು ದೊಡ್ಡ ಆಸರೆ. ಆ ಘೋಷಣೆ ಹೆಕ್ಟೇರಿನ ಲೆಕ್ಕದ್ದು. ಬೆಳೆಗೆ ರಾಜ್ಯ ತನ್ನ ಕೈಯಿಂದ ಸೇರಿಸಬಹುದಾದರೆ ದನಕ್ಕೆ ಯಾಕೆ ಸೇರಿಸಬಾರದು ಎಂಬ ಪ್ರಶ್ನೆ ಸಹಜ, ಮತ್ತು ನ್ಯಾಯದ್ದು.

ಆದರೂ ಪೇಟೆ ಬೆಲೆಯ ವಾದ ಸಾವಿನ ಬಿಂದುವಿನಲ್ಲೇ ನಿಲ್ಲುತ್ತದೆ. ಮೊತ್ತವನ್ನು ಏರಿಸು ಎನ್ನುತ್ತದೆ, ಆದರೆ ಬೇಗ ಕೊಡು ಎನ್ನುವುದಿಲ್ಲ.

ವಿಮೆಯ ದಾರಿ

ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮೆ ಮೂರನೆಯ ಉತ್ತರ. 2024ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಕಂತಿನಲ್ಲಿ ಸಾಕಣೆದಾರನ ಪಾಲನ್ನು ನೂರಕ್ಕೆ 15ಕ್ಕೆ ಇಳಿಸಿತು. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ವಿಮೆಯಲ್ಲಿ ಪೇಟೆ ಬೆಲೆಯ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ, ಸಾವು ನೆರೆಯಿಂದಲೋ ರೋಗದಿಂದಲೋ ಎಂಬ ಭೇದವೂ ಇಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಉತ್ತರ ಕಾಣದು.

ಹಳ್ಳಿಯಲ್ಲಿ ಇದು ಎಡವುವುದು ಕಿವಿ ಬಿಲ್ಲೆಯಲ್ಲಿ. ಬಿಲ್ಲೆ ಬಿದ್ದುಹೋದರೆ ವಿಮೆ ಇಲ್ಲ. ಹಾಲು ಮಾರುವ ಮನೆಯ ಎಮ್ಮೆಗೆ ವಿಮೆ ಆಗುವುದು ಹೆಚ್ಚು, ಏಕೆಂದರೆ ಅದರ ಹಿಂದೆ ಬ್ಯಾಂಕ್ ಸಾಲ ಇರುತ್ತದೆ. ಎರಡು ಆಡು ಸಾಕಿದ ಕೂಲಿ ಹೆಂಗಸಿಗೆ ಕಂತು, ನವೀಕರಣ, ಕ್ಲೇಮು ಎಲ್ಲ ದೂರದ ಮಾತು.

ಕೆನ್ಯಾದಲ್ಲಿ ಬೇರೊಂದು ಪ್ರಯೋಗ ನಡೆಯಿತು. 2010ರಲ್ಲಿ ಅಲ್ಲಿನ ಮಾರ್ಸಬಿಟ್ ಪ್ರದೇಶದಲ್ಲಿ ಉಪಗ್ರಹದಿಂದ ಹುಲ್ಲುಗಾವಲಿನ ಹಸಿರನ್ನು ಅಳೆದು, ಹಸಿರು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಪ್ರತಿ ದನದ ಹೆಣ ನೋಡದೆ ಹಣ ಕೊಡುವ ವಿಮೆ ಶುರುವಾಯಿತು. ಮೊದಲು ಅದು ದನ ಸತ್ತ ನಷ್ಟವನ್ನು ತುಂಬಲೆಂದು ರೂಪುಗೊಂಡಿತ್ತು. ಮುಂದೆ ಅದನ್ನು ತಿದ್ದಿ, ಮೇವು ಕೊಳ್ಳಲು ಅನುಕೂಲವಾಗುವಂತೆ ಬರದ ಆರಂಭದಲ್ಲೇ ಹಣ ಸಿಗುವ ಹಾಗೆ ಮಾಡಿದರು. ಈ ಪಾಠ ನಮಗೆ ಬೇಕು, ಆದರೆ ಅಳತೆಗೋಲು ಹೊಂದುವುದಿಲ್ಲ. ಅಲ್ಲಿನ ದನ ಬಯಲಲ್ಲಿ ಮೇಯುತ್ತವೆ. ಇಲ್ಲಿಯವು ಬಹುಮಟ್ಟಿಗೆ ಗೋದಲಿಯಲ್ಲಿ ಜೋಳದ ಕಣಿಕೆ, ತೊಗರಿ ಹೊಟ್ಟು ತಿನ್ನುತ್ತವೆ. ಆಕಾಶದಿಂದ ಕಾಣುವ ಹಸಿರು ತೊಗರಿಯದೋ ಹತ್ತಿಯದೋ ಆಗಿದ್ದರೆ ಅದು ದನದ ಹೊಟ್ಟೆಗೆ ಸಂಬಂಧಿಸಿದ್ದಲ್ಲ.

ಸಾಯುವ ಮೊದಲೇ ಮೇವು

ನಾಲ್ಕನೆಯ ವಿಚಾರಧಾರೆಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಬರದಲ್ಲಿ ಜಾನುವಾರು ಕಳೆದುಕೊಳ್ಳುವ ಕುಟುಂಬ ಅದನ್ನು ಬಹಳ ಸಲ ಸಾವಿನಿಂದ ಕಳೆದುಕೊಳ್ಳುವುದಿಲ್ಲ, ಸಂತೆಯಲ್ಲಿ ಕಳೆದುಕೊಳ್ಳುತ್ತದೆ. ಮೇವಿಲ್ಲದೆ ಎಲ್ಲರೂ ಒಟ್ಟಿಗೆ ಮಾರಲು ಹೊರಡುತ್ತಾರೆ, ಕೊಳ್ಳುವವರಿಲ್ಲ, ಬೆಲೆ ಅರ್ಧಕ್ಕಿಳಿಯುತ್ತದೆ. ಮುಂದೆ ಮಳೆಯಾದಾಗ ಎಲ್ಲರೂ ಒಟ್ಟಿಗೆ ಕೊಳ್ಳಲು ಬರುತ್ತಾರೆ, ಬೆಲೆ ಏರುತ್ತದೆ. ಮಾರಿದ ಬೆಲೆಗೂ ಮರಳಿ ಕೊಂಡ ಬೆಲೆಗೂ ನಡುವಿನ ಈ ನಷ್ಟ ಯಾವ ಪಂಚನಾಮೆಯಲ್ಲೂ ಬರುವುದಿಲ್ಲ. ಅಮರ್ತ್ಯ ಸೇನ್ 1981ರ ತಮ್ಮ ಕ್ಷಾಮದ ಅಧ್ಯಯನದಲ್ಲಿ ಇಥಿಯೋಪಿಯಾದ ಮತ್ತು ಸಹಾರಾದ ದಕ್ಷಿಣದಂಚಿನ ಪಶುಪಾಲಕರ ಬಗ್ಗೆ ತೋರಿಸಿದ್ದು ಇದನ್ನೇ: ದನದ ಬೆಲೆ ಕುಸಿದು ಕಾಳಿನ ಬೆಲೆ ಏರಿದಾಗ ದನ ಬದುಕಿದ್ದರೂ ಕುಟುಂಬ ಉಪವಾಸ ಬೀಳುತ್ತದೆ.

ಭಾರತದಲ್ಲಿ ಎನ್.ಎಸ್. ಜೋಧಾ 1975ರಲ್ಲೇ ಇದನ್ನು ಪರಿಹಾರ ನೀತಿಯ ಮೇಲಿನ ಟೀಕೆಯಾಗಿ ಮುಂದಿಟ್ಟರು. ಸರ್ಕಾರದ ಕೆಲಸ ಶುರುವಾಗುವ ಹೊತ್ತಿಗೆ ರೈತ ಆಗಲೇ ಊಟ ಕಡಿಮೆ ಮಾಡಿರುತ್ತಾನೆ, ಆಸ್ತಿ ಮಾರಿರುತ್ತಾನೆ. ನೆರವು ಅವನ ಬದುಕಿನ ಬುಡ ಕಾಯುವುದಿಲ್ಲ ಎಂಬುದು ಅವರ ಮಾತಿನ ಸಾರ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ 1975ರಿಂದ ಕೆಲವು ಹಳ್ಳಿಗಳ ಮನೆಗಳ ಲೆಕ್ಕ ಸಂಗ್ರಹಿಸುತ್ತ ಬಂದಿದೆ. ಅವುಗಳಲ್ಲಿ ಶಿರಾಪುರ ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯದು, ಮಣ್ಣು-ಮಳೆ ಎರಡರಲ್ಲೂ ಅಫಜಲಪುರಕ್ಕೆ ಹತ್ತಿರದ್ದು. ಈ ಸಂಗ್ರಹವನ್ನು ಆಧರಿಸಿ ರೋಸೆನ್‌ಜ್ವೈಗ್ ಮತ್ತು ವೋಲ್ಪಿನ್ 1993ರಲ್ಲಿ ತೋರಿಸಿದ್ದೇನೆಂದರೆ, ಸಾಲ ಸಿಗದ ರೈತ ಕೆಟ್ಟ ವರ್ಷದಲ್ಲಿ ಎತ್ತು ಮಾರಿ ಹೊಟ್ಟೆ ಹೊರೆಯುತ್ತಾನೆ, ಅದರಿಂದ ಮುಂದಿನ ವರ್ಷದ ಬೇಸಾಯವೇ ಕುಗ್ಗುತ್ತದೆ.

ಈ ಅಭಿಪ್ರಾಯಕ್ಕೆ ವಿರೋಧವೂ ಇದೆ. ಬುರ್ಕಿನಾ ಫಾಸೊದ ಹಳ್ಳಿಗಳ ಬಗ್ಗೆ ಫಾಫ್‌ಶಾಂಪ್, ಉಡ್ರಿ ಮತ್ತು ಜುಕಾಸ್ 1998ರಲ್ಲಿ ಪ್ರಕಟಿಸಿದ ಅಧ್ಯಯನ, ಬರದ ನಷ್ಟದ ಸ್ವಲ್ಪ ಪಾಲನ್ನಷ್ಟೇ ಜನ ದನ ಮಾರಿ ತುಂಬಿಕೊಳ್ಳುತ್ತಾರೆ ಎಂದಿತು. ದನ ಉಳಿಸಿಕೊಂಡು ತಾವೇ ಹೊಟ್ಟೆ ಕಟ್ಟುತ್ತಾರೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಪೂಜಿಸುವ ನಮ್ಮ ಕಡೆಯ ಮನೆಗಳನ್ನು ಬಲ್ಲವರಿಗೆ ಇದೂ ಸುಳ್ಳೆನಿಸದು. ಎರಡೂ ನಿಜವಿರಬಹುದು. ಮಾರಿದರೆ ಆಸ್ತಿ ಹೋಯಿತು, ಮಾರದಿದ್ದರೆ ಮಕ್ಕಳ ಅನ್ನ ಹೋಯಿತು. ಎರಡೂ ದಾರಿಯಲ್ಲಿ ಸರ್ಕಾರದ ಸಾವಿನ ಪರಿಹಾರಕ್ಕೆ ಕೆಲಸವಿಲ್ಲ, ಏಕೆಂದರೆ ಯಾವ ದನವೂ ಸತ್ತಿಲ್ಲ.

2023ರ ಬರದಲ್ಲಿ ಹಣ ಬಂದ ಹೊತ್ತನ್ನು ನೋಡಿದರೆ ಈ ವಾದದ ಬಲ ತಿಳಿಯುತ್ತದೆ. ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ರಾಜ್ಯ, ಕೊನೆಗೆ 236ರಲ್ಲಿ 223ಕ್ಕೆ ಮುಟ್ಟಿತು. ಕೇಂದ್ರಕ್ಕೆ ಮನವಿ ಹೋಯಿತು, ಅಕ್ಟೋಬರ್‌ನಲ್ಲಿ ಕೇಂದ್ರ ತಂಡ ಬಂತು. 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 18 ಸಾವಿರ ಕೋಟಿಗೂ ಹೆಚ್ಚು ಕೇಳಿದ್ದ ರಾಜ್ಯಕ್ಕೆ ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಂತು. ನಡುವೆ ಜನವರಿಯಲ್ಲಿ ರಾಜ್ಯ ರೈತರಿಗೆ ತಲಾ 2,000 ರೂಪಾಯಿವರೆಗೆ ಮಧ್ಯಂತರ ನೆರವು ಕೊಟ್ಟಿತ್ತು. ಏಪ್ರಿಲ್ ಎಂದರೆ ಬಣವೆ ಕರಗಿ ನೆಲ ಕಾಣುವ ಕಾಲ. ಆ ಬೇಸಿಗೆಯಲ್ಲಿ ಅಫಜಲಪುರದಲ್ಲಿ ಜನ ಭೀಮೆಗೆ ನೀರು ಬಿಡಿಸಿ ಎಂದು ಧರಣಿ ಕೂತಿದ್ದರು.

ಮೇವಿನ ಲೆಕ್ಕ ಹಾಕೋಣ. ಶಿಬಿರದಲ್ಲಿ ದೊಡ್ಡ ಜಾನುವಾರಿಗೆ ದಿನಕ್ಕೆ 80, ಸಣ್ಣದಕ್ಕೆ 45 ರೂಪಾಯಿ ಖರ್ಚು ಮಾಡಲು ಮಾನದಂಡ ಒಪ್ಪುತ್ತದೆ. ತೀವ್ರ ಬರದಲ್ಲಿ ಈ ನೆರವನ್ನು 90 ದಿನದವರೆಗೆ ವಿಸ್ತರಿಸಬಹುದು. ಒಂದು ಎತ್ತಿಗೆ 90 ದಿನಕ್ಕೆ 7,200 ರೂಪಾಯಿ. ಅದು ಸತ್ತರೆ ಕೊಡುವ 32,000ದ ಕಾಲುಭಾಗಕ್ಕಿಂತ ಕಡಿಮೆ. ಬದುಕಿಸುವುದೇ ಸರ್ಕಾರಕ್ಕೂ ಅಗ್ಗ. ಆದರೆ ಕುರಿಯ ಲೆಕ್ಕ ನೋಡಿ: 90 ದಿನದ ಮೇವಿಗೆ 4,050, ಸತ್ತರೆ 4,000. ಸರ್ಕಾರದ ಸ್ವಂತ ದರಪಟ್ಟಿಯಲ್ಲಿ ಕುರಿ ಸಾಯುವುದು ಬದುಕುವುದಕ್ಕಿಂತ 50 ರೂಪಾಯಿ ಅಗ್ಗ. ಇದನ್ನು ಯಾರೂ ಉದ್ದೇಶಪಟ್ಟು ಮಾಡಿರಲಾರರು. ಆದರೂ ಕುರಿಯ ಸಾವಿನ ದರವನ್ನು ಎಷ್ಟು ಕೆಳಗೆ ಇಡಲಾಗಿದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ.

ಹಾಗಾದರೆ ಮೇವಿನ ಶಿಬಿರ ಎಲ್ಲಕ್ಕೂ ಮದ್ದೇ? ಗಡಿಯಾಚೆಯ ಅನುಭವ ಎಚ್ಚರಿಸುತ್ತದೆ. ಮಹಾರಾಷ್ಟ್ರ 2012-13ರಲ್ಲಿ, ಮತ್ತೆ 2018-19ರಲ್ಲಿ, ಸೊಲ್ಲಾಪುರ ಸೇರಿ ಬರದ ಜಿಲ್ಲೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಚಾರಾ ಛಾವಣಿ ಎಂಬ ಮೇವಿನ ಶಿಬಿರಗಳನ್ನು ತೆರೆಯಿತು. ದನಗಳು ಉಳಿದವು. ಜೊತೆಗೆ ಇಲ್ಲದ ದನಗಳ ಹೆಸರಲ್ಲಿ ಬಿಲ್ಲಾದ ದೂರುಗಳೂ ಎದ್ದು, ಬಾಂಬೆ ಹೈಕೋರ್ಟ್‌ವರೆಗೂ ಹೋದವು. ಶಿಬಿರ ಎಂದರೆ ಮನೆಯ ಒಬ್ಬರು ದನದ ಜೊತೆ ಅಲ್ಲೇ ಉಳಿಯಬೇಕು. ಕೂಲಿಗೆ ಹೋಗುವ ಮನೆಗೆ ಅದು ಇನ್ನೊಂದು ನಷ್ಟ. ಮನೆಬಾಗಿಲಿಗೆ ಮೇವು ಅಥವಾ ಮೇವಿನ ಹಣ ತಲುಪಿಸುವುದು ಒಳ್ಳೆಯದೆನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ಜಾನುವಾರು ತುರ್ತುನೆರವಿಗೆಂದೇ 2009ರಲ್ಲಿ ಅಂತರರಾಷ್ಟ್ರೀಯ ತಜ್ಞರು ರೂಪಿಸಿದ ಲೆಗ್ಸ್ ಮಾರ್ಗಸೂಚಿಯೂ ಮೇವು, ನೀರು, ಔಷಧಿಯನ್ನು ಬರದ ಮೊದಲ ಹಂತದಲ್ಲೇ ಕೊಡಬೇಕು ಎನ್ನುತ್ತದೆ.

ಅದೇ ಮಾರ್ಗಸೂಚಿ ಹೇಳುವ ಇನ್ನೊಂದು ಉಪಾಯ, ಬೆಲೆ ಕುಸಿಯುವ ಮೊದಲೇ ಹೆಚ್ಚಿನ ದನಗಳನ್ನು ಒಳ್ಳೆಯ ಬೆಲೆಗೆ ಮಾರಿಸುವುದು. ನಮ್ಮಲ್ಲಿ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯಂತೆ ಹದಿಮೂರು ವರ್ಷ ಮೀರಿದ ಎಮ್ಮೆ-ಕೋಣ ಬಿಟ್ಟು ಉಳಿದ ದನ ವಧೆಗೆ ಹೋಗುವಂತಿಲ್ಲ. ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು-ಹೋರಿಗೂ ನಿಷೇಧವಿದೆ. ಕಾಯ್ದೆಯ ಸರಿತಪ್ಪಿನ ವಾದ ಬೇರೆಯೇ ಇದೆ. ಈ ಚರ್ಚೆಗೆ ಬೇಕಾದದ್ದು ಒಂದು ಮಾತು: ಮುದಿ ಎತ್ತು ಮಾರುವ ದಾರಿಯನ್ನು ರಾಜ್ಯ ಮುಚ್ಚಿದ ಮೇಲೆ, ಬರದಲ್ಲಿ ಅದರ ಮೇವಿನ ಹೊರೆ ರೈತನೊಬ್ಬನದೇ ಆಗಿ ಉಳಿಯಬಾರದು. ವಿಪತ್ತು ನಿಧಿ ಅದೇ ಎತ್ತನ್ನು ಉಪಯುಕ್ತವಲ್ಲ ಎಂದು ಪರಿಹಾರದಿಂದ ಹೊರಗಿಡುತ್ತದೆ.

ಕಣಿಕೆ ಎಲ್ಲಿ ಹೋಯಿತು ಎಂಬುದನ್ನೂ ಕೇಳಬೇಕು. ಬಿಳಿಜೋಳ ಮನುಷ್ಯನಿಗೆ ರೊಟ್ಟಿ, ದನಕ್ಕೆ ಕಣಿಕೆ ಕೊಡುತ್ತಿತ್ತು. ಅದರ ಜಾಗದಲ್ಲಿ ತೊಗರಿ, ಹತ್ತಿ ಹರಡಿದವು. ಆಳಂದದ ಭೂಸನೂರು, ಅಫಜಲಪುರದ ಹವಳಗಾದ ಸಕ್ಕರೆ ಕಾರ್ಖಾನೆಗಳ ಸುತ್ತ ಕಬ್ಬು ಬಂತು. ಕಬ್ಬಿನ ಸೋಗೆ ಕಟಾವಿನ ತಿಂಗಳುಗಳಲ್ಲಿ ಮಾತ್ರ ಮೇವು. ಮನೆ ಮುಂದಿನ ಬಣವೆ ಚಿಕ್ಕದಾದಷ್ಟೂ ಬರದ ಮೊದಲ ತಿಂಗಳಲ್ಲೇ ಮೇವು ಕೊಳ್ಳುವ ಸ್ಥಿತಿ ಬರುತ್ತದೆ. ತುರ್ತು ನೆರವಿನ ಚರ್ಚೆ ಬೆಳೆ ಪದ್ಧತಿಯ ಚರ್ಚೆಯೂ ಆಗುವುದು ಇಲ್ಲಿ.

ಪಹಣಿ ಇಲ್ಲದವರು

ಕಾಗದದಲ್ಲಿ ಜಾನುವಾರು ಪರಿಹಾರಕ್ಕೆ ಭೂಮಿ ಬೇಕಿಲ್ಲ. ಆದರೆ ಆಡಳಿತದ ಕಣ್ಣು ಪಹಣಿ ಮತ್ತು ರೈತ ನೋಂದಣಿಯ ಫ್ರೂಟ್ಸ್ ಸಂಖ್ಯೆಯ ಮೂಲಕ ರೈತನನ್ನು ನೋಡಲು ಒಗ್ಗಿಹೋಗಿದೆ. ಹೆಕ್ಟೇರಿನ ಮೇಲಿನ ಹೆಚ್ಚುವರಿ ಹಣ ಭೂಮಿ ಇದ್ದವರಿಗೆ. ಪಾಲಿಗೆ ಎಮ್ಮೆ ಸಾಕುವ ಹೆಂಗಸಿನ ಶ್ರಮ ಅರ್ಧ ಪಾಲಿನದು, ಆದರೆ ಕಿವಿ ಬಿಲ್ಲೆ ಮಾಲೀಕನ ಹೆಸರಲ್ಲಿ ಇದ್ದರೆ ಪರಿಹಾರವೂ ಅವನ ಖಾತೆಗೆ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ಈ ತಾಲ್ಲೂಕುಗಳಲ್ಲಿ, ಆಡು-ಕುರಿಯೇ ಆಸ್ತಿಯಾಗಿರುವ ಮನೆಗಳ ಪ್ರಶ್ನೆ ಪಕ್ಕಕ್ಕಿಡುವಂಥದ್ದಲ್ಲ.

ಕುರಿಗಾಹಿಗಳ ಸ್ಥಿತಿ ಇನ್ನೂ ಕಷ್ಟದ್ದು. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳು 1.1 ಕೋಟಿಯಷ್ಟಿದ್ದು, ದೇಶದಲ್ಲಿ ಮೂರನೆಯ ಸ್ಥಾನ. ನೂರು ಕುರಿಯ ಹಿಂಡು ನೆರೆಗೆ ಸಿಕ್ಕರೆ ಮೂವತ್ತಕ್ಕೆ, ಅಂದರೆ 1,20,000 ರೂಪಾಯಿಗೆ ಮಿತಿ. ಎಪ್ಪತ್ತು ಕುರಿ ಲೆಕ್ಕಕ್ಕಿಲ್ಲ. ಬೇರೆ ತಾಲ್ಲೂಕಿನಲ್ಲಿ ಮಂದೆ ಹಾಕಿದಾಗ ಸತ್ತರೆ ಯಾವ ತಹಶೀಲ್ದಾರರ ಬಳಿ ಹೋಗಬೇಕೆಂಬುದೇ ಮೊದಲ ತೊಡಕು. 2025ರಲ್ಲಿ ವಿಧಾನಮಂಡಲ ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ರಕ್ಷಣೆಗೆ ಪ್ರತ್ಯೇಕ ಮಸೂದೆ ಅಂಗೀಕರಿಸಿತು. ಅದರ ಬಲ ಸಂಕಟದ ದಿನ ಬಯಲಲ್ಲಿ ಗೊತ್ತಾಗಬೇಕಷ್ಟೆ.

ಇನ್ನೂ ತೀರ್ಮಾನವಾಗದ್ದು

2025-26ಕ್ಕೆ ಮುಗಿಯುವ ದರಗಳ ಮುಂದೇನು ಎಂಬುದು ಮೊದಲನೆಯ ಪ್ರಶ್ನೆ. ಹದಿನಾರನೆಯ ಹಣಕಾಸು ಆಯೋಗದ 2026-31ರ ಅವಧಿಯಲ್ಲಿ ಮಾನದಂಡ ಬದಲಾಗುವಾಗ ಕುರಿಯ ಸಾವಿನ ದರ, ಮೇವಿನ ದಿನದರ, ಮೂವತ್ತರ ಮಿತಿ ಮೂರೂ ಒಟ್ಟಿಗೆ ಮೇಜಿನ ಮೇಲೆ ಬರಬೇಕು. ಕೊಚ್ಚಿಹೋದ ದನಕ್ಕೆ ಯಾವ ಪುರಾವೆ ಸಾಕು ಎಂಬುದು ಎರಡನೆಯದು. ಪ್ರತಿ ಜಾನುವಾರಿನ ಬಿಲ್ಲೆ ಸಂಖ್ಯೆ ಸರ್ಕಾರದ ಗಣಕದಲ್ಲಿ ಮೊದಲೇ ಇದ್ದರೆ, ಪ್ರವಾಹದ ಮುಂಚಿನ ಪಟ್ಟಿ ಮತ್ತು ಗ್ರಾಮಸಭೆಯ ದೃಢೀಕರಣ ಸಾಕೆಂಬ ಸಲಹೆಗೆ ನನ್ನ ಒಪ್ಪಿಗೆ ಇದೆ. ದುರುಪಯೋಗದ ಭಯ ಇರುವವರು ಒಪ್ಪುವುದಿಲ್ಲ. ಬರ ಘೋಷಣೆಯಾದ ದಿನವೇ ಮೇವಿನ ಹಣ ಬಿಡಬೇಕೋ, ಕೇಂದ್ರ ತಂಡದ ವರದಿಗೆ ಕಾಯಬೇಕೋ ಎಂಬುದು ಮೂರನೆಯದು. ಕಷ್ಟದ ಮಾರಾಟದ ನಷ್ಟವನ್ನು ಅಳೆಯುವ ಬಗೆಯೇ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಕೇಂದ್ರದ ಹೊಸ ದರ ಬರುವವರೆಗೆ ಕಾಯದೆ, ಬೆಳೆಗೆ ಎರಡು ಸಲ ಮಾಡಿದಂತೆ ಜಾನುವಾರಿಗೂ ತನ್ನ ಪಾಲು ಸೇರಿಸುವ ಅಧಿಕಾರ ರಾಜ್ಯ ಸಂಪುಟದ ಕೈಯಲ್ಲೇ ಇದೆ.

ಈ ಮೂರು ತಾಲ್ಲೂಕುಗಳ ಓದುಗರಿಗೆ ಒಂದು ಮಾತು. ಮಳೆಗಾಲಕ್ಕೆ ಮೊದಲೇ ಪ್ರತಿ ಜಾನುವಾರಿಗೆ ಕಿವಿ ಬಿಲ್ಲೆ ಹಾಕಿಸಿ, ಅದರ ಸಂಖ್ಯೆಯನ್ನು ಮನೆಯಲ್ಲಿ ಬರೆದಿಡಿ. ಪಾಲಿಗೆ ಸಾಕುವವರು ಆ ಕರಾರನ್ನು ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳಿ. ಜಾನುವಾರು ಸತ್ತರೆ ಹೂಳುವ ಮೊದಲು ಪಶು ಆಸ್ಪತ್ರೆಗೆ, ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಕಾಯಿಲೆ ಕಂಡರೆ ಪಶು ಸಂಚಾರಿ ಚಿಕಿತ್ಸಾಲಯದ 1962ಕ್ಕೆ ಕರೆ ಮಾಡಿ.